ಆಲ್ಕೊಯ್ ನಗರದ ಮೂರ್ ಮತ್ತು ಕ್ರೈಸ್ತ ಹಬ್ಬ

ಆಲ್ಕೊಯ್‌ನ ಮೂರ್ ಮತ್ತು ಕ್ರೈಸ್ತ ಹಬ್ಬ: ಸ್ಪೇನಿನ ಪೂರ್ವದಲ್ಲಿ, ವಲೆನ್ಸಿಯಾ ಸೀಮೆಯ ಅಲಿಕಾಂತೆ ಪ್ರಾಂತ್ಯಕ್ಕೆ ಸೇರಿದ ಆಲ್ಕೊಯ್ ನಗರದಲ್ಲಿ ಪ್ರತಿವರ್ಷ ಏಪ್ರಿಲ್ 23ರ ಸಂತ ಜೋರ್ದಿಯ ದಿನವನ್ನು ನಡುವೆ ಇಟ್ಟುಕೊಂಡು ಮೂರು ದಿನ ಆಚರಿಸುವ ಉತ್ಸವ. 1276ರಲ್ಲಿ ಊರಿನ ಮೇಲೆ ನಡೆದ ಒಂದು ದಾಳಿಯನ್ನು ಮೆರವಣಿಗೆ, ಸಂವಾದ, ಅಣಕು ಯುದ್ಧ ಮತ್ತು ಧಾರ್ಮಿಕ ವಿಧಿಗಳ ಮೂಲಕ ಅಭಿನಯಿಸಿ ತೋರಿಸುವುದು ಇದರ ತಿರುಳು. ಸ್ಪೇನಿನಲ್ಲಿ ಮೋರೋಸ್ ಇ ಕ್ರಿಸ್ತಿಯಾನೋಸ್ ಎಂಬ ಹೆಸರಿನ ಹಬ್ಬಗಳು ನೂರಾರು ಊರುಗಳಲ್ಲಿ ನಡೆಯುತ್ತವೆ. ಅವುಗಳಲ್ಲಿ ಬಹಳಷ್ಟಕ್ಕೆ ಮಾದರಿಯಾಗಿ ನಿಂತದ್ದು ಆಲ್ಕೊಯ್‌ನ ಹಬ್ಬ. 1980ರಲ್ಲಿ ಇದಕ್ಕೆ ಅಂತರರಾಷ್ಟ್ರೀಯ ಪ್ರವಾಸಿ ಮಹತ್ವದ ಉತ್ಸವವೆಂಬ ಅಧಿಕೃತ ಮನ್ನಣೆ ದೊರೆಯಿತು.

ಈ ಲೇಖನದಲ್ಲಿ ಮೂರ್ ಎಂಬುದನ್ನು ಮಧ್ಯಯುಗದ ಐಬೀರಿಯಾದ ಮುಸ್ಲಿಮರು ಎಂಬ ಅರ್ಥದಲ್ಲಿ, ಹಬ್ಬದಲ್ಲಿ ಆ ಪಾತ್ರ ವಹಿಸುವವರಿಗೂ ಸಲ್ಲುವಂತೆ ಬಳಸಿದೆ. ಫಿಲಾ ಎಂದರೆ ಹಬ್ಬದಲ್ಲಿ ಒಂದೇ ವೇಷ ತೊಟ್ಟು ಭಾಗವಹಿಸುವ ಸದಸ್ಯರ ಶಾಶ್ವತ ಸಂಘ. ಅದರ ಸದಸ್ಯನನ್ನು ಫೆಸ್ತೆರ್ ಎನ್ನುತ್ತಾರೆ.

ನಗರ

ಆಲ್ಕೊಯ್ ಸಮುದ್ರದಿಂದ ಒಳಗೆ, ಮರಿಯೋಲಾ ಮತ್ತು ಫಾಂತ್ ರೋಜಾ ಬೆಟ್ಟಗಳ ನಡುವೆ, ಸೆರ್ಪಿಸ್ ನದಿಯ ಕಣಿವೆಯ ಅಂಚಿನಲ್ಲಿದೆ. ಆಳವಾದ ಕಂದರಗಳು ಊರನ್ನು ಸೀಳಿರುವುದರಿಂದ ಇಲ್ಲಿ ಸೇತುವೆಗಳು ಹೇರಳ. 1931ರಲ್ಲಿ ತೆರೆದ ಸಂತ ಜೋರ್ದಿ ಸೇತುವೆ ಅವುಗಳಲ್ಲಿ ಹೆಸರಾದದ್ದು. ಇಲ್ಲಿನ ಜನಸಂಖ್ಯೆ ಅರವತ್ತು ಸಾವಿರದ ಆಸುಪಾಸಿನಲ್ಲಿದೆ. ಮನೆಮಾತು ವಲೆನ್ಸಿಯನ್, ಜೊತೆಗೆ ಸ್ಪ್ಯಾನಿಷ್.

ಬೆಟ್ಟದ ತೊರೆಗಳ ನೀರಿನ ಬಲದಿಂದ ಇಲ್ಲಿ ಉಣ್ಣೆಯ ಗಿರಣಿಗಳೂ ಕಾಗದದ ಕಾರ್ಖಾನೆಗಳೂ ಬೆಳೆದವು. 1821ರಲ್ಲಿ ಸುತ್ತಲಿನ ಹಳ್ಳಿಗಳ ನೂಲುಗಾರರು ಊರಿಗೆ ನುಗ್ಗಿ ಹೊಸ ನೂಲುವ ಯಂತ್ರಗಳನ್ನು ಒಡೆದುಹಾಕಿದರು. 1873ರಲ್ಲಿ ಕಾರ್ಮಿಕರ ಮುಷ್ಕರ ದಂಗೆಗೆ ತಿರುಗಿತು. ಅದು ಚರಿತ್ರೆಯಲ್ಲಿ ಪೆಟ್ರೋಲಿಯಂ ಕ್ರಾಂತಿ ಎಂದು ದಾಖಲಾಗಿದೆ. ಹಬ್ಬದ ಈಗಿನ ಗಾತ್ರ ಮತ್ತು ವೈಭವ ರೂಪುಗೊಂಡದ್ದು ಈ ಕೈಗಾರಿಕಾ ಶತಮಾನದಲ್ಲಿ. ಗಿರಣಿಯ ಹಣ, ಕುಶಲಕರ್ಮಿಗಳ ಕೈ, ಕಾರ್ಮಿಕರ ಬ್ಯಾಂಡು ಇವಿಲ್ಲದೆ ಮಧ್ಯಯುಗದ ಒಂದು ದಿನದ ಕಾಳಗ ಇಷ್ಟು ದೊಡ್ಡ ಉತ್ಸವವಾಗಿ ಬೆಳೆಯುತ್ತಿರಲಿಲ್ಲ.

ಉಗಮ

13ನೆಯ ಶತಮಾನದ ಮಧ್ಯಭಾಗಕ್ಕೆ ಅರಗಾನಿನ ದೊರೆ ಒಂದನೆಯ ಜೌಮೆ ವಲೆನ್ಸಿಯಾ ಸೀಮೆಯನ್ನು ಗೆದ್ದುಕೊಂಡಿದ್ದ. ದಕ್ಷಿಣದ ಬೆಟ್ಟಸೀಮೆಯಲ್ಲಿ ಮಾತ್ರ ಮುಸ್ಲಿಂ ಪಾಳೆಯಗಾರರ ಬಲ ಉಳಿದಿತ್ತು. ಅವರಲ್ಲಿ ಪ್ರಮುಖನಾದವನು ಅಲ್-ಅಜ್ರಕ್ ಎಂಬ ಬಿರುದಿನಿಂದ ಪ್ರಸಿದ್ಧನಾದ ಆಲ್ಕಲಾ ಕಣಿವೆಯ ನಾಯಕ. ಅವನು ಕ್ರಿ.ಶ. 1245ರಲ್ಲಿ, ಕೆಲವು ವಿದ್ವಾಂಸರ ಗಣನೆಯಂತೆ 1244ರಲ್ಲಿ, ಜೌಮೆಯ ಮಗ ಯುವರಾಜ ಆಲ್ಫಾನ್ಸೊ ಜೊತೆ ಒಪ್ಪಂದ ಮಾಡಿಕೊಂಡು ಕೆಲವು ಕೋಟೆಗಳನ್ನು ಬಿಟ್ಟುಕೊಟ್ಟು ಕೆಲವನ್ನು ಉಳಿಸಿಕೊಂಡ. ಅರಬ್ಬಿ ಪಾಠವನ್ನೂ ಒಳಗೊಂಡ ದ್ವಿಭಾಷಾ ಒಪ್ಪಂದಪತ್ರ ಬಾರ್ಸಿಲೋನಾದ ಅರಗಾನ್ ರಾಜಪತ್ರಾಗಾರದಲ್ಲಿ ಇಂದಿಗೂ ಇದೆ. ಒಪ್ಪಂದ ಬಾಳಲಿಲ್ಲ. ಅಲ್-ಅಜ್ರಕ್ ಬಂಡೆದ್ದು ಸುಮಾರು ಒಂದು ದಶಕ ಹೋರಾಡಿ, 1258ರಲ್ಲಿ ಸೋತು, ಗ್ರನಾಡಾದಲ್ಲಿ ನೆಲೆಸಿದ.

ಈ ಕಾದಾಟಗಳ ನಡುವೆಯೇ, 1256ರಲ್ಲಿ, ಕ್ರೈಸ್ತ ವಲಸಿಗರಿಗೆ ನೆಲೆಯಾಗಿ ಆಲ್ಕೊಯ್ ಸ್ಥಾಪನೆಯಾಯಿತು. ಇಪ್ಪತ್ತು ವರ್ಷಗಳ ಬಳಿಕ, 1276ರ ವಸಂತದಲ್ಲಿ, ಅಲ್-ಅಜ್ರಕ್ ಗ್ರನಾಡಾದ ಕುದುರೆ ಸವಾರರೊಡನೆ ಮರಳಿ ಬಂದು ಊರಿಗೆ ಮುತ್ತಿಗೆ ಹಾಕಿದ. ಸಂಪ್ರದಾಯದ ಪ್ರಕಾರ ಅದು ಏಪ್ರಿಲ್ 23. ಊರವರು ತಡೆದು ನಿಂತರು, ಅಲ್-ಅಜ್ರಕ್ ಮಡಿದ. ಸೋತ ಪಡೆಯ ಬೆನ್ನಟ್ಟಿಹೋದ ಕ್ರೈಸ್ತರು ಊರಿನ ದಕ್ಷಿಣದ ಕಂದರವೊಂದರಲ್ಲಿ ಹೊಂಚಿಗೆ ಸಿಕ್ಕಿ ಸತ್ತರು. ಆ ಜಾಗಕ್ಕೆ ಈಗಲೂ ಕದನದ ಕಂದರ ಎಂಬ ಹೆಸರಿದೆ. ಒಂದನೆಯ ಜೌಮೆ ಅದೇ ವರ್ಷದ ಜುಲೈ ತಿಂಗಳಲ್ಲಿ ತೀರಿಕೊಂಡ. ಕೋಟೆಯ ಗೋಡೆಯ ಮೇಲೆ ಬಿಳಿ ಕುದುರೆ ಏರಿದ ಸಂತ ಜೋರ್ದಿ ಕಾಣಿಸಿಕೊಂಡು ಮುತ್ತಿಗೆಯನ್ನು ಹಿಮ್ಮೆಟ್ಟಿಸಿದನೆಂಬ ಐತಿಹ್ಯ ಈ ಘಟನೆಗೆ ಸೇರಿಕೊಂಡಿತು. ಊರು ಸಂತನಿಗೆ ಹರಕೆ ಹೊತ್ತು ಅವನನ್ನು ರಕ್ಷಕನಾಗಿ ಸ್ವೀಕರಿಸಿತು.

ಹರಕೆಯ ಪೂಜೆ ಹಳೆಯದು. ಅಭಿನಯ ಬಂದದ್ದು ಬಹಳ ತಡವಾಗಿ. ಮೂರ್ ಮತ್ತು ಕ್ರೈಸ್ತ ಎರಡು ತಂಡಗಳು ಆಲ್ಕೊಯ್‌ನಲ್ಲಿ ಸಂತ ಜೋರ್ದಿಯ ಹಬ್ಬಕ್ಕಾಗಿ ಇದಿರುಬದಿರಾಗುತ್ತಿದ್ದವೆಂಬುದಕ್ಕೆ ಮೊದಲ ಸ್ಪಷ್ಟ ವಿವರ ಸಿಗುವುದು ವಿಸೆಂತೆ ಕಾರ್ಬೊನೆಲ್ 1672ರಲ್ಲಿ ಪ್ರಕಟಿಸಿದ ಸೆಲೆಬ್ರೆ ಸೆಂಚೂರಿಯಾ ಎಂಬ ಗ್ರಂಥದಲ್ಲಿ. ಊರಿನ ಚರ್ಚಿನಲ್ಲಿ 1568ರಲ್ಲಿ ನಡೆದ ಪವಿತ್ರ ರೊಟ್ಟಿಯ ಕಳವನ್ನು ನೆನೆದು ನೂರು ವರ್ಷಗಳ ಬಳಿಕ, 1668ರಲ್ಲಿ, ನಡೆಸಿದ ಆಚರಣೆಯ ವರದಿ ಅದು.

ಈ ಕಾಲಕ್ರಮ ಗಮನಿಸಬೇಕಾದದ್ದು. ಮತಾಂತರಗೊಂಡ ಮುಸ್ಲಿಮರ ವಂಶಜರಾದ ಮೊರಿಸ್ಕೊಗಳನ್ನು ಮೂರನೆಯ ಫೆಲಿಪೆ ದೊರೆ 1609ರಿಂದ ದೇಶದಿಂದ ಹೊರದೂಡಿದ. ಹೊರದೂಡುವಿಕೆ ಮೊದಲುಗೊಂಡದ್ದು ವಲೆನ್ಸಿಯಾ ಸೀಮೆಯಲ್ಲೇ. ಕಾರ್ಬೊನೆಲ್ ಬರೆಯುವ ಹೊತ್ತಿಗೆ ಮೂರ್ ಎನ್ನುವವನು ಊರಿನ ನೆರೆಯವನಾಗಿ ಉಳಿದಿರಲಿಲ್ಲ, ವೇಷವಾಗಿದ್ದ. ಹಬ್ಬವನ್ನು 1276ರ ನೇರ ಸ್ಮೃತಿಯೆಂದು ಓದುವವರು ಈ ನಡುವಣ ನಾಲ್ಕು ಶತಮಾನಗಳನ್ನು ಮರೆಯಬಾರದು.

18ನೆಯ ಶತಮಾನದ ಮೊದಲಲ್ಲಿ ಸ್ಪೇನಿನ ಸಿಂಹಾಸನಕ್ಕಾಗಿ ನಡೆದ ಯುದ್ಧ ಮತ್ತು ಅದರ ಬೆನ್ನಿಗೆ ಬಂದ ಆಯುಧ ನಿಷೇಧದಿಂದ ಹಬ್ಬಕ್ಕೆ ಅಡ್ಡಿಯಾಯಿತು. 1741ರಲ್ಲಿ ಪುನಃ ಆರಂಭವಾದಾಗ ಅದು ಒಂದಕ್ಕಿಂತ ಹೆಚ್ಚು ದಿನಗಳಿಗೆ ಹಿಗ್ಗಿತು. ಪ್ರವೇಶ, ಸಂತನ ದಿನ, ಕದನ ಎಂಬ ಮೂರು ದಿನಗಳ ಈಗಿನ ಚೌಕಟ್ಟು ಆ ವಿಸ್ತರಣೆಯಿಂದ ಬೆಳೆದದ್ದು.

ಫಿಲಾ ವ್ಯವಸ್ಥೆ

ಹಬ್ಬವನ್ನು ಹೊತ್ತಿರುವುದು 28 ಫಿಲಾಗಳು. ಮೂರ್ ಪಕ್ಷಕ್ಕೆ 14, ಕ್ರೈಸ್ತ ಪಕ್ಷಕ್ಕೆ 14. ಮೂರ್ ಪಕ್ಷದಲ್ಲಿ ಯಾನಾ, ಹುದಿಯೋಸ್, ದೊಮಿಂಗೊ ಮಿಕೆಸ್, ಚಾನೊ, ವೆರ್ದೆಸ್, ಮಜೆಂತಾ, ಕೋರ್ದೊನ್, ಲಿಹೆರೋಸ್, ಮುದೆಹಾರೆಸ್, ಅಬೆನ್ಸೆರ್ರಾಹೆಸ್, ಮರ್ರಾಕೆಶ್, ರಿಯಾಲಿಸ್ತೆಸ್, ಬೆರ್ಬೆರಿಸ್ಕೊಸ್, ಬೆನಿಮೆರಿನೆಸ್ ಇವೆ. ಕ್ರೈಸ್ತ ಪಕ್ಷದಲ್ಲಿ ಅಂದಲೂಸೆಸ್, ಅಸ್ತುರಿಯಾನೋಸ್, ಸಿದೆಸ್, ಲಬ್ರದೋರೆಸ್, ಗುಸ್ಮಾನೆಸ್, ವಾಸ್ಕೋಸ್, ಮೊಸಾರಬೆಸ್, ಅಲ್ಮೊಗಾವರೆಸ್, ನವರ್ರೋಸ್, ತೊಮಾಸಿನಾಸ್, ಮೊಂತಾನ್ಯೆಸೆಸ್, ಕ್ರುಸಾದೋಸ್, ಅಲ್ಕೊದಿಯಾನೋಸ್, ಅರಗೊನೇಸೆಸ್ ಇವೆ.

ಹೆಸರುಗಳೇ ಹೇಳುವಂತೆ ಇತಿಹಾಸದ ಕಟ್ಟುನಿಟ್ಟಿಗೆ ಇಲ್ಲಿ ಮಣೆಯಿಲ್ಲ. ಯೆಹೂದಿಗಳ ಹೆಸರಿನ ಫಿಲಾ ಮೂರ್ ಪಕ್ಷದಲ್ಲಿದೆ. ಕ್ರೈಸ್ತ ಪಕ್ಷದ ಅಂದಲೂಸೆಸ್ ತೊಡುವುದು 19ನೆಯ ಶತಮಾನದ ದಕ್ಷಿಣ ಸ್ಪೇನಿನ ಕಳ್ಳಸಾಗಣೆದಾರರ ಉಡುಪು. ಹಿಂದೆ ಆ ಫಿಲಾದ ಹೆಸರೂ ಅದೇ ಆಗಿತ್ತು. ಲಬ್ರದೋರೆಸ್ ಸೀಮೆಯ ರೈತರ ವೇಷದಲ್ಲಿ ಬರುತ್ತಾರೆ. ಒಂದೊಂದು ಫಿಲಾದ ವೇಷವೂ ತಲೆಮಾರುಗಳಿಂದ ಸ್ಥಿರವಾಗಿದೆ, ಅದನ್ನು ಮನಬಂದಂತೆ ಬದಲಿಸುವಂತಿಲ್ಲ. ಹಾಗಾಗಿ ಮೆರವಣಿಗೆಯಲ್ಲಿ 13ನೆಯ ಶತಮಾನದ ಜೊತೆಗೆ, 19ನೆಯ ಶತಮಾನದ ಜನ ಮಧ್ಯಯುಗವನ್ನು ಹೇಗೆ ಊಹಿಸಿಕೊಂಡರು ಎಂಬುದೂ ಎದ್ದು ಕಾಣುತ್ತದೆ. ಉತ್ಸವದ ಅತ್ಯಂತ ಸ್ವಾರಸ್ಯಕರ ಪದರ ಬಹುಶಃ ಇದೇ.

ಫಿಲಾ ವರ್ಷವಿಡೀ ಬದುಕಿರುವ ಸಂಸ್ಥೆ. ಅದಕ್ಕೆ ಸ್ವಂತ ಮನೆ, ಅಡುಗೆಮನೆ, ಲೆಕ್ಕಪತ್ರ, ಚುನಾಯಿತ ಪದಾಧಿಕಾರಿಗಳು ಇರುತ್ತಾರೆ. ಮುಖ್ಯಸ್ಥನನ್ನು ಪ್ರಿಮರ್ ತ್ರೊ ಎನ್ನುತ್ತಾರೆ. ಸದಸ್ಯರು ವಂತಿಗೆ ಕೊಡುತ್ತಾರೆ, ವರ್ಷದುದ್ದಕ್ಕೂ ಒಟ್ಟಿಗೆ ಕೂತು ಉಣ್ಣುತ್ತಾರೆ, ತಂದೆಯಿಂದ ಮಕ್ಕಳಿಗೆ ಸದಸ್ಯತ್ವ ಹರಿದುಬರುತ್ತದೆ. ಎಲ್ಲ ಫಿಲಾಗಳ ಮೇಲೆ ಸಂತ ಜೋರ್ದಿ ಸಂಘವಿದೆ. ದಿನಾಂಕ, ನಿಯಮ, ಮೆರವಣಿಗೆಯ ಕ್ರಮ ಮೊದಲಾದವನ್ನು ಅದರ ಮಹಾಸಭೆ ತೀರ್ಮಾನಿಸುತ್ತದೆ.

ವರ್ಷಕ್ಕೆ ನಾಲ್ಕು ಪ್ರಮುಖ ಪದವಿಗಳು: ಮೂರ್ ಕಪ್ತಾನ, ಕ್ರೈಸ್ತ ಕಪ್ತಾನ, ಮೂರ್ ಆಲ್ಫೆರೆಸ್, ಕ್ರೈಸ್ತ ಆಲ್ಫೆರೆಸ್. ಆಲ್ಫೆರೆಸ್ ಎಂದರೆ ಧ್ವಜಾಧಿಕಾರಿ. ಈ ಪದವಿಗಳು ಸರದಿಯಂತೆ ಫಿಲಾಗಳಲ್ಲಿ ಸುತ್ತುತ್ತವೆ. ಪಕ್ಷಕ್ಕೆ 14 ಫಿಲಾಗಳಿರುವ ಕಾರಣ ಒಂದು ಫಿಲಾಕ್ಕೆ ಕಪ್ತಾನಗಿರಿ ಒದಗುವುದು 14 ವರ್ಷಕ್ಕೊಮ್ಮೆ. ಆ ವರ್ಷದ ಹೊಸ ಪೋಷಾಕು, ಪರಿವಾರ, ರಥ, ನರ್ತಕರು, ಕುದುರೆ, ಬ್ಯಾಂಡು ಇವುಗಳ ಖರ್ಚಿನ ದೊಡ್ಡ ಪಾಲು ಕಪ್ತಾನನ ಮೇಲೂ ಅವನ ಫಿಲಾದ ಮೇಲೂ ಬೀಳುತ್ತದೆ. ಹಿಂದೆ ಈ ಸ್ಥಾನಕ್ಕೆ ಗಿರಣಿ ಮಾಲೀಕರೇ ಹೆಚ್ಚಾಗಿ ಬರುತ್ತಿದ್ದುದು ಇದರಿಂದಲೇ.

ಸಂತ ಜೋರ್ದಿಯ ಪಾತ್ರಕ್ಕೆ ಪ್ರತಿವರ್ಷ ಒಂದು ಮಗುವನ್ನು ಆರಿಸುತ್ತಾರೆ. ಅದನ್ನು ಸಂತ್ ಜೋರ್ದಿಯೆತ್ ಎಂದು ಮುದ್ದಿನಿಂದ ಕರೆಯುತ್ತಾರೆ. ಹಬ್ಬದ ಕೊನೆಯ ದೃಶ್ಯ ಈ ಮಗುವಿನದು.

ಮೂರು ದಿನಗಳ ಕ್ರಮ

ಸಿದ್ಧತೆ ಈಸ್ಟರ್ ಭಾನುವಾರದಿಂದಲೇ ಹೊರಗೆ ಕಾಣತೊಡಗುತ್ತದೆ. ಅಂದು ಪ್ರತಿ ಫಿಲಾದಿಂದ ಒಬ್ಬೊಬ್ಬ ಪ್ರತಿನಿಧಿ ಪೂರ್ಣ ವೇಷದಲ್ಲಿ ಬೀದಿಗಿಳಿದು ಹಬ್ಬ ಸಮೀಪಿಸಿತೆಂದು ಸಾರುತ್ತಾನೆ. ಈ ಮೆರವಣಿಗೆಯ ಹೆಸರು ಗ್ಲೋರಿಯಾ. ಮಕ್ಕಳಿಗೆ ಬೇರೊಂದು ಗ್ಲೋರಿಯಾ ಇದೆ. ಹಬ್ಬಕ್ಕೆ ಮುಂಚಿನ ವಾರಗಳ ಸಂಜೆ ಫಿಲಾಗಳು ಸಾದಾ ಉಡುಪಿನಲ್ಲಿ ಬ್ಯಾಂಡಿನೊಂದಿಗೆ ಬೀದಿಯಲ್ಲಿ ನಡೆದು ತಾಲೀಮು ಮಾಡುತ್ತವೆ. ಹಬ್ಬದ ಮುನ್ನಾದಿನ ಸಂಗೀತಗಾರರ ದಿನ. ಬ್ಯಾಂಡುಗಳೆಲ್ಲ ಸ್ಪೇನ್ ಚೌಕಕ್ಕೆ ಬಂದು ಸೇರಿ, ಗೊನ್ಸಾಲೊ ಬರ್ರಾಚಿನಾ ರಚಿಸಿದ ಹಬ್ಬದ ಗೀತೆಯನ್ನು ಒಟ್ಟಾಗಿ ನುಡಿಸುತ್ತವೆ, ಚೌಕದಲ್ಲಿ ಕಿಕ್ಕಿರಿದ ಜನ ದನಿಗೂಡಿಸುತ್ತಾರೆ.

ಮೊದಲ ದಿನ ಪ್ರವೇಶದ ದಿನ. ಸಾಂಪ್ರದಾಯಿಕವಾಗಿ ಇದು ಏಪ್ರಿಲ್ 22. ನಸುಕಿನಲ್ಲಿ ಪ್ರಾರ್ಥನೆ, ಕೋಟೆಯ ಮೇಲೆ ಶಿಲುಬೆಯ ಬಾವುಟದ ಆರೋಹಣ, ಆಮೇಲೆ ದಿಯಾನಾ ಎಂಬ ಉದಯ ಮೆರವಣಿಗೆ. ಪ್ರತಿ ಫಿಲಾ ತನ್ನಲ್ಲಿ ಚೆನ್ನಾಗಿ ಹೆಜ್ಜೆ ಹಾಕುವವರನ್ನು ಆರಿಸಿ ಕಳಿಸುತ್ತದೆ. ಹೊತ್ತೇರಿದ ಮೇಲೆ ಕ್ರೈಸ್ತರ ಪ್ರವೇಶ, ಇಳಿಹಗಲಿನಲ್ಲಿ ಮೂರ್‌ಗಳ ಪ್ರವೇಶ. ಪರ್ತಿದೋರ್ ಎಂಬ ಎತ್ತರದ ತಾಣದಿಂದ ಹೊರಟು ಸಂತ ನಿಕೊಲೌ ಬೀದಿಯಲ್ಲಿ ಇಳಿದು ಚೌಕದತ್ತ ಸಾಗುವುದು ದಾರಿ. ಸುಮಾರು ಹತ್ತು ಜನ ಭುಜಕ್ಕೆ ಭುಜ ತಾಗಿಸಿ ಒಂದೇ ಸಾಲಾಗಿ ನಿಲ್ಲುವುದನ್ನು ಎಸ್ಕ್ವಾದ್ರಾ ಎನ್ನುತ್ತಾರೆ. ಅದರ ಮುಂದೆ ಕಾಬೊ ಎಂಬ ನಾಯಕ ಖಡ್ಗ ಹಿಡಿದು, ಜನರತ್ತ ತಿರುಗಿ, ಸಾಲನ್ನು ಹುರಿದುಂಬಿಸುತ್ತ ನಡೆಯುತ್ತಾನೆ. ಕ್ರೈಸ್ತರದು ಬಿಗಿಯಾದ ಸೈನಿಕ ನಡೆ. ಮೂರ್‌ಗಳದು ನಿಧಾನ, ಸಾಲಿಗೆ ಸಾಲೇ ಎಡಕ್ಕೂ ಬಲಕ್ಕೂ ತೂಗುತ್ತ, ಬಾಯಲ್ಲಿ ಚುಟ್ಟಾ ಕಚ್ಚಿಕೊಂಡು, ಗತ್ತಿನಿಂದ ಸಾಗುತ್ತದೆ. ಸಾಲು ಹೆಜ್ಜೆ ಕೀಳುವ ಮೊದಲ ಕ್ಷಣವನ್ನು ನೋಡಲೆಂದೇ ಪರ್ತಿದೋರ್ ಬಳಿ ಜನ ಜಮಾಯಿಸುತ್ತಾರೆ.

ಎರಡನೆಯ ದಿನ, ಏಪ್ರಿಲ್ 23, ಸಂತನಿಗೆ ಮೀಸಲು. ಬೆಳಿಗ್ಗೆ ಸಂತನ ಪವಿತ್ರ ಅವಶೇಷದ ಮೆರವಣಿಗೆ ಮತ್ತು ಪೂಜೆ, ಸಂಜೆ ವಿಗ್ರಹದ ಸಾರ್ವಜನಿಕ ಮೆರವಣಿಗೆ. ಮೂರ್ ವೇಷದವರೂ ಇದರಲ್ಲಿ ಮೇಣದ ಬತ್ತಿ ಹಿಡಿದು ನಡೆಯುತ್ತಾರೆ.

ಮೂರನೆಯ ದಿನ ಅಲಾರ್ದೊ, ಅಂದರೆ ಕೋವಿಮದ್ದಿನ ಕದನ. ಚೌಕದಲ್ಲಿ ನಿಲ್ಲಿಸುವ ಮರದ ಕೋಟೆ ಇಲ್ಲಿನ ರಂಗಸ್ಥಳ. ಚಿತ್ರಕಲಾವಿದ ಫೆರ್ನಾಂದೊ ಕಬ್ರೆರಾ ಕಾಂತೊ 1895ರಲ್ಲಿ ಅದನ್ನು ವಿನ್ಯಾಸಗೊಳಿಸಿದ. ಬೆಳಿಗ್ಗೆ ಕೋಟೆ ಕ್ರೈಸ್ತರ ಕೈಯಲ್ಲಿರುತ್ತದೆ. ಮೂರ್ ಸವಾರನೊಬ್ಬ ನಾಗಾಲೋಟದಲ್ಲಿ ಬಂದು ಶರಣಾಗಬೇಕೆಂಬ ಪತ್ರ ಕೊಡುತ್ತಾನೆ. ಕ್ರೈಸ್ತ ಕಪ್ತಾನ ಅದನ್ನು ಓದಿ ಹರಿದೆಸೆಯುತ್ತಾನೆ. ಬಳಿಕ ಮೂರ್ ರಾಯಭಾರಿ ಗೋಡೆಯ ಕೆಳಗೆ ನಿಂತು, ಮೇಲಿನಿಂದ ಉತ್ತರಿಸುವ ಕ್ರೈಸ್ತ ರಾಯಭಾರಿಯೊಡನೆ ಪದ್ಯರೂಪದ ವಾಗ್ವಾದ ನಡೆಸುತ್ತಾನೆ, ಇದು ಅಂಬೈಶಾದಾ. ಊರಿನ ಮಾತು ವಲೆನ್ಸಿಯನ್ ಆದರೂ ರಾಯಭಾರದ ಪಾಠ ಸ್ಪ್ಯಾನಿಷ್‌ನಲ್ಲಿದೆ. ಮಾತು ಮುರಿದ ಮೇಲೆ ಬೀದಿ ಬೀದಿಗಳಲ್ಲಿ ಕೋವಿಗಳ ಗುಂಡಿಲ್ಲದ ಹೊಡೆತ ಶುರು. ಗಂಟೆಗಟ್ಟಲೆ ಹೊಗೆ ಮತ್ತು ಸದ್ದು ಊರನ್ನು ತುಂಬುತ್ತವೆ. ಕೊನೆಗೆ ಕೋಟೆಯ ಬುಡದಲ್ಲಿ ಕತ್ತಿವರಸೆ ನಡೆದು ಕೋಟೆ ಮೂರ್‌ಗಳ ವಶವಾಗುತ್ತದೆ. ಮಧ್ಯಾಹ್ನದ ಮೇಲೆ ಇದೇ ಕ್ರಮ ತಿರುವುಮುರುವಾಗಿ ನಡೆದು ಕೋಟೆ ಕ್ರೈಸ್ತರಿಗೆ ಮರಳುತ್ತದೆ. ವಿಗ್ರಹವನ್ನು ಸಂತ ಜೋರ್ದಿಯ ಚರ್ಚಿಗೆ ಮೆರವಣಿಗೆಯಲ್ಲಿ ಮುಟ್ಟಿಸಿದ ಮೇಲೆ, ಇರುಳಿನಲ್ಲಿ ಕೋಟೆಯ ತೆನೆಗಳ ನಡುವೆ, ಬೆಳಕು ಮತ್ತು ಹೊಗೆಯೊಳಗಿಂದ ಸಂತ್ ಜೋರ್ದಿಯೆತ್ ಬಿಳಿ ಕುದುರೆಯ ಮೇಲೆ ಕಾಣಿಸಿಕೊಂಡು ಬಾಣಗಳನ್ನು ಎಸೆಯುತ್ತಾನೆ. ಹಬ್ಬ ಅಲ್ಲಿಗೆ ಮುಗಿಯುತ್ತದೆ.

ಸಂಗೀತ

ಹಬ್ಬಕ್ಕೆಂದೇ ಸಂಗೀತ ಬರೆಯುವ ಪರಂಪರೆ ಆಲ್ಕೊಯ್‌ನ ಅತಿ ದೊಡ್ಡ ಕೊಡುಗೆ. ಮೊದಲು ಇಲ್ಲಿ ದುಲ್ಸೈನಾ ಎಂಬ ಓಲಗದಂಥ ವಾದ್ಯವೂ ಡೋಲೂ ತುತ್ತೂರಿಯೂ ಇದ್ದವು. 1817ರಲ್ಲಿ ಯಾನಾ ಫಿಲಾ ಮೊದಲ ಬಾರಿ ಸೈನಿಕ ಬ್ಯಾಂಡೊಂದನ್ನು ಕರೆತಂದಿತು. ಉಳಿದ ಫಿಲಾಗಳು ಆ ದಾರಿ ಹಿಡಿದವು, ಊರಲ್ಲೇ ಬ್ಯಾಂಡುಗಳು ಹುಟ್ಟಿದವು. ಪ್ರಿಮಿತಿವಾ ಬ್ಯಾಂಡಿನ ಸ್ಥಾಪನೆಯ ವರ್ಷ 1830. ಆರಂಭದಲ್ಲಿ ನುಡಿಸುತ್ತಿದ್ದುದು ಸೈನ್ಯದ ಮತ್ತು ನೃತ್ಯದ ಎರವಲು ಧಾಟಿಗಳು.

ಹುವಾನ್ ಕಾಂತೊ 1882ರಲ್ಲಿ ರಚಿಸಿದ ಮಾಹೊಮೆತ್ ಎಂಬ ಪಾಸೊದೊಬ್ಲೆ ಈ ಹಬ್ಬಕ್ಕಾಗಿಯೇ ಬರೆದ ಮೊದಲ ಕೃತಿಯೆಂದು ಪರಿಗಣಿತವಾಗಿದೆ. 1907ರಲ್ಲಿ ಅಂತೊನಿಯೊ ಪೆರೆಸ್ ವೆರ್ದು ಬರೆದ ಎ-ಬೆನ್-ಅಮೆತ್ ಮೂರ್ ಪಥಸಂಗೀತ ಎಂಬ ಪ್ರಕಾರಕ್ಕೆ ನಾಂದಿಯಾಯಿತು: ನಿಧಾನ ಲಯ, ಭಾರವಾದ ತಾಳವಾದ್ಯ, ಪೌರಸ್ತ್ಯವೆಂದು ಯೂರೋಪ್ ಕಲ್ಪಿಸಿಕೊಂಡ ಸ್ವರವಿನ್ಯಾಸ. ಕ್ರೈಸ್ತ ಪಕ್ಷ ತನ್ನದೇ ಪ್ರಕಾರಕ್ಕೆ ಅರ್ಧ ಶತಮಾನ ಕಾಯಬೇಕಾಯಿತು. ಆಲ್ಕೊಯ್‌ನವನೇ ಆದ, ಪ್ಯಾರಿಸ್ಸಿನಲ್ಲಿ ಒಲಿವಿಯೆ ಮೆಸಿಯಾನ್‌ನ ಬಳಿ ಕಲಿತ ಅಮಾಂದೊ ಬ್ಲಾಂಕೆರ್ 1958ರಲ್ಲಿ ರಚಿಸಿದ ಅಲೆಲೂಯಾ ಮೊದಲ ಕ್ರೈಸ್ತ ಪಥಸಂಗೀತ. ಹೀಗೆ ಪಾಸೊದೊಬ್ಲೆ, ಮೂರ್ ಪಥಸಂಗೀತ, ಕ್ರೈಸ್ತ ಪಥಸಂಗೀತ ಎಂಬ ಮೂರು ಪ್ರಕಾರಗಳು ನೆಲೆಗೊಂಡವು. ಸ್ಪೇನಿನ ಮದುವೆ, ಜಾತ್ರೆಗಳಲ್ಲೆಲ್ಲ ಮೊಳಗುವ ಪಾಕಿತೊ ಎಲ್ ಚೊಕೊಲತೇರೊ ಈ ಪರಂಪರೆಯದೇ ಕೂಸು. ಅದನ್ನು 1937ರಲ್ಲಿ ಬರೆದವನು ನೆರೆಯ ಕೊಸೆಂತೈನಾದ ಗುಸ್ತಾವೊ ಪಾಸ್ಕ್ವಾಲ್ ಫಾಲ್ಕೊ.

ಊಟ ಮತ್ತು ಪಾನೀಯ

ಫಿಲಾದ ಮನೆಯಲ್ಲಿ ಬೇಯುವ ಓಯೆತಾ ಎಂಬ ಕಾಳು, ಮಾಂಸ, ತರಕಾರಿಗಳ ಗಟ್ಟಿ ಸಾರು, ಒಣ ಮೆಣಸಿನಕಾಯಿ ಮತ್ತು ಒಣಮೀನಿನ ಪೆರಿಕಾನಾ, ಸಕ್ಕರೆ ಲೇಪದ ಬಾದಾಮಿ ಹಬ್ಬದ ತಿನಿಸುಗಳು. ಕಾಫಿಬೀಜವನ್ನು ಮದ್ಯದಲ್ಲಿ ನೆನೆಸಿ ತಯಾರಿಸುವ ಕಫೆ ಲಿಕೋರ್ ಊರಿನ ಹೆಗ್ಗುರುತು.

ಚಳಿಗಾಲದ ಹಬ್ಬಗಳು

ಆಲ್ಕೊಯ್‌ನ ಉತ್ಸವಚಕ್ರದಲ್ಲಿ ಇನ್ನೆರಡು ಆಚರಣೆಗಳನ್ನು ಸೇರಿಸಲೇಬೇಕು. ಜನವರಿ 5ರ ಸಂಜೆಯ ಮೂವರು ಜ್ಞಾನಿ ರಾಜರ ಮೆರವಣಿಗೆ 1866ರಿಂದ ದಾಖಲಾಗಿದ್ದು, ಸ್ಪೇನಿನ ಇಂಥ ಮೆರವಣಿಗೆಗಳಲ್ಲಿ ಅತ್ಯಂತ ಹಳೆಯದೆಂದು ಮನ್ನಣೆ ಪಡೆದಿದೆ. ಹಿಂದಿನ ದಿನ ರಾಜದೂತ ಡಂಗುರ ಸಾರುತ್ತಾನೆ. ಕತ್ತೆಗಳ ಬೆನ್ನಿಗೆ ಕಟ್ಟಿದ ಅಂಚೆಪೆಟ್ಟಿಗೆಗಳಿಗೆ ಮಕ್ಕಳು ತಮ್ಮ ಬಯಕೆಯ ಪತ್ರ ಹಾಕುತ್ತಾರೆ. ಮೆರವಣಿಗೆಯಂದು ರಾಜರ ಸೇವಕರು ಮರದ ಏಣಿ ಹತ್ತಿ ಬಾಲ್ಕನಿಗಳಲ್ಲಿ ಕಾದಿರುವ ಮಕ್ಕಳ ಕೈಗೆ ಉಡುಗೊರೆ ಕೊಡುತ್ತಾರೆ. ಈ ಸೇವಕರು ಮುಖಕ್ಕೆ ಕಪ್ಪು ಬಳಿದುಕೊಳ್ಳುವ ಪದ್ಧತಿ ಇತ್ತೀಚಿನ ವರ್ಷಗಳಲ್ಲಿ ಟೀಕೆಗೆ ಗುರಿಯಾಗಿದೆ.

ಬೆತ್ಲೆಮ್ ದೆ ತಿರಿಸಿತಿ 19ನೆಯ ಶತಮಾನದಿಂದ ಬಂದ ಕಡ್ಡಿಬೊಂಬೆಯಾಟ. ಯೇಸುವಿನ ಜನನದ ಕಥೆಯಿಂದ ಹೊರಟು ಅದು ಆಲ್ಕೊಯ್‌ನ ಬೀದಿಗೆ ಬಂದು ಸೇರುತ್ತದೆ; ಪಾದ್ರಿ, ಗೂಳಿಕಾಳಗ, ಕೊನೆಗೆ ಬಲೂನು ಎಲ್ಲವೂ ಬರುತ್ತವೆ, ಪುಟಾಣಿ ಬೊಂಬೆಗಳ ಮೂರ್ ಮತ್ತು ಕ್ರೈಸ್ತ ಮೆರವಣಿಗೆಯೂ ಬರುತ್ತದೆ.

ಇತರ ಊರುಗಳ ರೂಪಗಳು

ವಿಯೆನಾ, ಒಂತಿನ್ಯೆಂತ್, ಕೊಸೆಂತೈನಾ, ಬೊಕೈರೆಂತ್ ಮೊದಲಾದೆಡೆ ಹಬ್ಬದ ಅಂಗಗಳು ಬಹುಮಟ್ಟಿಗೆ ಒಂದೇ. ದಿನ, ಸಂತ, ಸಂಘಗಳ ಹೆಸರು ಬೇರೆ. ಕಡಲ ದಂಡೆಯ ವಿಯಾಹೊಯೋಸಾದಲ್ಲಿ 1538ರ ಕಡಲ್ಗಳ್ಳರ ದಾಳಿಯನ್ನು ನೆನೆದು ಜುಲೈ ತಿಂಗಳ ನಸುಕಿನಲ್ಲಿ ಮೂರ್‌ಗಳು ದೋಣಿಗಳಿಂದ ಮರಳಿಗೆ ಇಳಿಯುತ್ತಾರೆ, ಕಾಳಗ ನೀರಂಚಿನಲ್ಲೇ ಶುರುವಾಗುತ್ತದೆ. ಇಂಥ ಊರುಗಳ ಸಂಘಗಳು ಸೇರಿ 1976ರಲ್ಲಿ ಒಂದು ರಾಷ್ಟ್ರೀಯ ಒಕ್ಕೂಟ ಕಟ್ಟಿಕೊಂಡವು. ವಸಾಹತು ಕಾಲದಲ್ಲಿ ಈ ಅಭಿನಯ ಅಟ್ಲಾಂಟಿಕ್ ದಾಟಿತು; ಮೆಕ್ಸಿಕೊದ ಸಕತೇಕಾಸ್‌ನ ಮೊರಿಸ್ಮಾಸ್ ಅದರ ದೊಡ್ಡ ಉದಾಹರಣೆ.

ಇಂದಿನ ಸ್ಥಿತಿ

ಅಂತರ್ಯುದ್ಧದ ವರ್ಷಗಳಲ್ಲಿ ಹಬ್ಬ ನಿಂತಿತ್ತು. ಕೊರೊನಾ ಸೋಂಕಿನ ಕಾರಣ 2020 ಮತ್ತು 2021ರ ಏಪ್ರಿಲ್‌ಗಳಲ್ಲೂ ನಡೆಯಲಿಲ್ಲ. ಈಸ್ಟರ್ ತಡವಾಗಿ ಬಿದ್ದ ವರ್ಷಗಳಲ್ಲಿ ಮೂರು ದಿನಗಳನ್ನು ಮುಂದಕ್ಕೆ ಹಾಕುವುದುಂಟು. ವಾರಾಂತ್ಯಕ್ಕೆ ಹೊಂದಿಸಬೇಕೆ ಬೇಡವೆ ಎಂಬ ಚರ್ಚೆ ಸಂಘದ ಮಹಾಸಭೆಯಲ್ಲಿ ಮತ್ತೆ ಮತ್ತೆ ಏಳುತ್ತದೆ.

ಮಹಿಳೆಯರ ಸ್ಥಾನ ಹೆಚ್ಚು ಕಾವೇರಿದ ವಿಷಯ. ಬಹುಕಾಲ ಅವರಿಗೆ ಕಪ್ತಾನನ ಪರಿವಾರದಲ್ಲಿ, ನೃತ್ಯ ತಂಡಗಳಲ್ಲಿ ಜಾಗವಿತ್ತೇ ಹೊರತು ಪೂರ್ಣ ಸದಸ್ಯತ್ವ ಇರಲಿಲ್ಲ. 20ನೆಯ ಶತಮಾನದ ಕೊನೆಯಿಂದ ಸಮಾನ ಹಕ್ಕಿನ ಬೇಡಿಕೆ ಬಲಗೊಂಡಿತು. ಈಗ ಮಹಿಳೆಯರು ಫೆಸ್ತೆರ್‌ಗಳಾಗಿ ಎಸ್ಕ್ವಾದ್ರಾಗಳಲ್ಲಿ ನಡೆಯುತ್ತಾರೆ, ಆದರೆ ಫಿಲಾದಿಂದ ಫಿಲಾಕ್ಕೆ ಅವರ ಪ್ರಮಾಣದಲ್ಲಿ ದೊಡ್ಡ ವ್ಯತ್ಯಾಸವಿದೆ. ಮುಸ್ಲಿಮರ ಸೋಲನ್ನು ಕೊಂಡಾಡುವ ಅಭಿನಯ ಇಂದಿನ ಬಹುಧರ್ಮೀಯ ಸ್ಪೇನಿಗೆ ಒಪ್ಪುವುದೇ ಎಂಬ ಪ್ರಶ್ನೆಯೂ ಇದೆ. ಆಲ್ಕೊಯ್ ಮಟ್ಟಿಗೆ ಹೇಳುವುದಾದರೆ, ಮೂರ್ ಪಕ್ಷದ ವೇಷ, ಸಂಗೀತ ಮತ್ತು ಮಧ್ಯಾಹ್ನದ ಪ್ರವೇಶಕ್ಕೆ ಊರವರು ತೋರುವ ಪ್ರೀತಿ ಕ್ರೈಸ್ತ ಪಕ್ಷಕ್ಕೆ ತೋರುವುದಕ್ಕಿಂತ ಒಂದಿನಿತೂ ಕಡಿಮೆಯಿಲ್ಲ.

ಬಟ್ಟೆ ಗಿರಣಿಗಳು ಕುಗ್ಗಿದ ಮೇಲೆ ಹಬ್ಬವೇ ಊರಿನ ದರ್ಜಿಗಳಿಗೆ, ಚರ್ಮ ಮತ್ತು ಲೋಹದ ಕುಶಲಕರ್ಮಿಗಳಿಗೆ, ವಾದಕರಿಗೆ ಕೆಲಸ ಒದಗಿಸುತ್ತಿದೆ. ಹಿಂದಿನ ಕಪ್ತಾನ ಮತ್ತು ಆಲ್ಫೆರೆಸ್‌ಗಳ ಪೋಷಾಕುಗಳು, ಭಿತ್ತಿಚಿತ್ರಗಳು, ಸ್ವರಲಿಪಿಗಳು ಕಸಾಲ್ ದೆ ಸಂತ ಜೋರ್ದಿ ಕಟ್ಟಡದ ಹಬ್ಬದ ವಸ್ತುಸಂಗ್ರಹಾಲಯದಲ್ಲಿವೆ. ಎರಡು ಏಪ್ರಿಲ್‌ಗಳ ನಡುವಿನ ಬಿಡುವನ್ನು ತುಂಬಲು ಅಕ್ಟೋಬರ್‌ನಲ್ಲಿ ಮಿಗ್ ಆನ್ಯ್ ಎಂಬ ಅರೆವಾರ್ಷಿಕ ಆಚರಣೆ ನಡೆಯುತ್ತದೆ. ಮುಂದಿನ ವರ್ಷದ ಪದವಿಗಳನ್ನು ಹೊರಲಿರುವ ಫಿಲಾಗಳ ತಯಾರಿ ಆ ಹೊತ್ತಿಗಾಗಲೇ ಬಹಳ ಮುಂದೆ ಸಾಗಿರುತ್ತದೆ.